21 ದಿನಗಳ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಶ್ರೀನಿವಾಸಪುರದ ಮಾವು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಟೊಮೆಟೊ ಬೆಲೆ ಇವತ್ತು ಏರಿದರೆ ನಾಳೆ ಬಿದ್ದುಹೋಗುತ್ತದೆ. ಮಾಲೂರು, ಮುಳಬಾಗಿಲು ಕಡೆಯ ಸಣ್ಣ ರೈತರ ಮನೆಗೆ ತಪ್ಪದೆ ಬರುವ ಹಣವೆಂದರೆ ಡೈರಿಯ ಬಟವಾಡೆ. ಅದು ತಪ್ಪದೆ ಬರಬೇಕಾದರೆ ಕೊಟ್ಟಿಗೆಯ ಸೀಮೆ ಹಸು ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟಬೇಕು.

ಹಸು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಬೆದೆ ಇರುವುದು 12ರಿಂದ 18 ಗಂಟೆ. ಗಬ್ಬದ ಅವಧಿ ಸುಮಾರು 280 ದಿನ. 13 ತಿಂಗಳಿಗೊಂದು ಕರು ಬೇಕೆಂದರೆ, ಈದ ನಾಲ್ಕು ತಿಂಗಳೊಳಗೆ ಹಸು ಮತ್ತೆ ಗಬ್ಬವಾಗಲೇಬೇಕು. ಒಂದು ಬೆದೆ ಕಣ್ಣುತಪ್ಪಿದರೆ ಮೂರು ವಾರ ಹೋಯಿತು. ಮೂರು ತಪ್ಪಿದರೆ ಎರಡು ತಿಂಗಳು. ಹಾಲು ಇಳಿಯುತ್ತಾ ಬರುತ್ತದೆ, ಹಿಂಡಿ ಬೂಸಾದ ಖರ್ಚು ಮಾತ್ರ ನಿಲ್ಲುವುದಿಲ್ಲ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ ಎಂದು ಪಶುವೈದ್ಯರು ಹೇಳುತ್ತಾರೆ. ಅಮೆರಿಕದ ನೆಬ್ರಾಸ್ಕದಲ್ಲಿ 1940ರ ದಶಕದಲ್ಲಿ ನಡೆದ ಸಂಶೋಧನೆಯ ಫಲ ಈ ಸೂತ್ರ. ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯ ನಂತರ ಅಂಡ ಬಿಡುಗಡೆಯಾಗುತ್ತದೆ, ಅದರ ಆಯಸ್ಸು ಕೆಲವೇ ಗಂಟೆ. ಅಷ್ಟರೊಳಗೆ ವೀರ್ಯಾಣು ಅಲ್ಲಿ ಸಿದ್ಧವಾಗಿರಬೇಕು. ತೊಂದರೆಯೆಂದರೆ, ಕಟ್ಟಿಹಾಕಿದ ಹಸು ಇನ್ನೊಂದರ ಮೇಲೆ ಹತ್ತಿ ಬೆದೆ ತೋರಿಸಲಾರದು. ಅನೇಕ ಹಸುಗಳು ರಾತ್ರಿ ಹೊತ್ತು ಬೆದೆಗೆ ಬರುತ್ತವೆ. ಕೆಲವದು ಕೂಗೇ ಇಲ್ಲದ ಮೂಕ ಬೆದೆ. ಆಗ ತೆಳುವಾದ, ಗಾಜಿನಂತೆ ತಿಳಿಯಾದ ಲೋಳೆಯೊಂದೇ ಗುರುತು.

ಕೃತಕ ಗರ್ಭಧಾರಣೆಯ ವಿದ್ಯೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಭಾರತದ ಮೊದಲ ಕೃತಕ ಗರ್ಭಧಾರಣೆಯ ಪ್ರಯೋಗ 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ನಡೆಯಿತು. ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಬಳಸಿದರು. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಘನೀಕರಣವನ್ನು ತಾಳಿಕೊಳ್ಳುತ್ತದೆಂದು ತೋರಿಸಿದರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ, ವೀರ್ಯ ತುಂಬಿದ ಸ್ಟ್ರಾ ಆಮೇಲೆ ಹೆಸರಘಟ್ಟದಂಥ ಕೇಂದ್ರಗಳಿಂದ ಹಳ್ಳಿಗೆ ಬಂತು. ಕೋಲಾರ ಜಿಲ್ಲೆಯವರೇ ಆದ ರಾಜಕಾರಣಿ ಎಂ.ವಿ. ಕೃಷ್ಣಪ್ಪ ಹೈನುಗಾರಿಕೆಗೆ ಕೊಟ್ಟ ಒತ್ತಾಸೆಯನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ.

ಹಾಗಿದ್ದೂ ಮೂರು ಸಲ, ನಾಲ್ಕು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ಹಸು ಗಬ್ಬ ನಿಲ್ಲುವುದಿಲ್ಲವೇಕೆ? ದೋಷ ಬಹುಪಾಲು ಗೊಂತಿನಲ್ಲಿದೆ. ಈದ ಹೊಸದರಲ್ಲಿ ಹೆಚ್ಚು ಹಾಲು ಕೊಡುವ ಹಸುವಿಗೆ ತಿಂದದ್ದು ಸಾಲದೆ ಮೈಯ ಕೊಬ್ಬು ಕರಗುತ್ತದೆ; ಅಂಡಾಶಯದ ಕೆಲಸ ಹಿಂದೆ ಬೀಳುತ್ತದೆ. ಬರೀ ರಾಗಿ ಹುಲ್ಲಿನಿಂದ ಸಾಕಷ್ಟು ಪ್ರೋಟೀನ್ ಸಿಗದು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಯಾವ ಪ್ರದೇಶದ ಮೇವಿನಲ್ಲಿ ತಾಮ್ರ, ಸತುವಿನಂಥ ಯಾವ ಖನಿಜ ಕಡಿಮೆಯೆಂದು ಪರೀಕ್ಷಿಸಿ, ಆಯಾ ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣ ರೂಪಿಸಿದ್ದಾರೆ. ಬೇಸಿಗೆಯ ಧಗೆಯೂ ಸೀಮೆ ಹಸುವಿನ ಬೆದೆಯನ್ನು ಕುಗ್ಗಿಸಿ, ಎಳೆಯ ಭ್ರೂಣವನ್ನು ಕೊಲ್ಲುತ್ತದೆ. ಸಿಮೆಂಟ್ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು, ದಿನವಿಡೀ ನೀರು ಸಿಗುವಂತೆ ಮಾಡುವುದು ಕೂಡ ಗರ್ಭಧಾರಣೆಗೆ ನೆರವಾಗುತ್ತದೆ.

ಇನ್ನು ರೋಗಗಳು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದರೆ ಬ್ರುಸೆಲ್ಲೋಸಿಸ್ ಇರಬಹುದೆಂದು ಶಂಕಿಸಲೇಬೇಕು. ಇದು ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಬಿದ್ದ ಕಂದನ್ನೂ ಸತ್ತೆಯನ್ನೂ ಬರಿಗೈಯಲ್ಲಿ ಮುಟ್ಟಬಾರದು, ಆಳವಾಗಿ ಹೂಳಬೇಕು, ಹಾಲನ್ನು ಕಾಯಿಸದೆ ಕುಡಿಯಬಾರದು. 4ರಿಂದ 8 ತಿಂಗಳೊಳಗಿನ ಹೆಣ್ಣುಗರುಗಳಿಗೆ ಒಮ್ಮೆ ಲಸಿಕೆ ಹಾಕಿಸಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಈ ಲಸಿಕೆಯೂ ಸೇರಿದೆ.

ಈಚಿನ ಬೆಳವಣಿಗೆ ಲಿಂಗ ನಿರ್ಧಾರಿತ ವೀರ್ಯ. ಹೆಣ್ಣುಗರುವಿಗೆ ಕಾರಣವಾಗುವ ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಶೇಕಡ 4ರ ಆಸುಪಾಸು ಹೆಚ್ಚು. ಆ ವ್ಯತ್ಯಾಸ ಹಿಡಿದು ಬೇರ್ಪಡಿಸಿದರೆ ಹುಟ್ಟುವ ಕರುಗಳಲ್ಲಿ ಸುಮಾರು ಶೇಕಡ 90 ಹೆಣ್ಣು. ಆದರೆ ಇಂಥ ಸ್ಟ್ರಾದಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ, ಗಬ್ಬ ನಿಲ್ಲುವ ಪ್ರಮಾಣವೂ ತುಸು ಕಡಿಮೆ. ಆದ್ದರಿಂದ ಆರೋಗ್ಯವಾಗಿರುವ ಕಡಸುಗಳಿಗೆ, ಸರಿಯಾದ ಗಳಿಗೆಯಲ್ಲಿ ಕೊಟ್ಟರೇ ಅದರ ಪ್ರಯೋಜನ.

ಆ ಗಳಿಗೆಯನ್ನು ಗುರುತಿಸುವವರು ಯಾರು? ಬೆಳಗಿನ ಸಗಣಿ ಬಾಚುವಾಗ ಲೋಳೆ ಕಾಣುವುದು, ಹಾಲು ಕರೆಯುವಾಗ ಹಾಲು ಇಳಿದದ್ದು ತಿಳಿಯುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳಿಗೆ. ಹಾಗಾಗಿ ಡೈರಿಗಳಲ್ಲಿ ನಡೆಯುವ ತರಬೇತಿಗೆ ಮೊದಲು ಕರೆಯಬೇಕಾದ್ದು ಅವರನ್ನು. ಅದೂ ಹಾಲು ಹಾಕಿ ಮುಗಿದ ಮೇಲಿನ, ಅವರಿಗೆ ಬಿಡುವಾಗುವ ಹೊತ್ತಿನಲ್ಲಿ. ಈದ ತಾರೀಕು, ಬೆದೆಯ ತಾರೀಕು, ಇಂಜೆಕ್ಷನ್ ಕೊಟ್ಟ ತಾರೀಕು ಬರೆದಿಡಲು ಪ್ರತಿ ಹಸುವಿಗೊಂದು ಕಾರ್ಡು, ಎರಡು ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ: ಇಷ್ಟನ್ನು ಪ್ರತಿ ಹಳ್ಳಿಯ ಹಾಲಿನ ಸಂಘವೂ ಮಾಡಬಲ್ಲದು.