ಹಳೆಯ ಟ್ರೆಡ್‌ಮಿಲ್ ಕೊಳ್ಳುವ ಮೊದಲು ನಿಮ್ಮ ಔಷಧಿಗಳ ಪಟ್ಟಿ ನೋಡಿ

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಮಳೆಗಾಲದಲ್ಲಿ ಹಿರಿಯರು ಹೊರಗೆ ನಡೆಯುವುದು ಕಷ್ಟ. ಆಗ ಯಾರೋ ಬಳಸಿ ಮಾರುತ್ತಿರುವ ಟ್ರೆಡ್‌ಮಿಲ್ ಅಥವಾ ವ್ಯಾಯಾಮದ ಸೈಕಲ್ ಮನೆಗೆ ತರೋಣ ಅನ್ನಿಸುತ್ತದೆ. ಹಣವೇನೋ ಉಳಿಯುತ್ತದೆ. ಆದರೆ ಯಂತ್ರ ರೋಗಿಗೆ ಹೊಂದದಿದ್ದರೆ ಬಿದ್ದು ಮೂಳೆ ಮುರಿಯಬಹುದು.

ಯಾರಿಗೆ ಯಾವುದು?

ಮಧುಮೇಹದಿಂದ ಪಾದ ಮರಗಟ್ಟಿದವರಿಗೆ, ಆಗಾಗ ತಲೆಸುತ್ತು ಬರುವವರಿಗೆ, ಪಾರ್ಶ್ವವಾಯುವಿನ ನಂತರ ನಡಿಗೆ ತಡವರಿಸುವವರಿಗೆ ಸಾಮಾನ್ಯವಾಗಿ ಟ್ರೆಡ್‌ಮಿಲ್‌ಗಿಂತ ಬೆನ್ನಿಗೆ ಒರಗುವ ಸೀಟಿರುವ ಸೈಕಲ್ ಸುರಕ್ಷಿತ. ನೀವು ಕಾಲಾಡಿಸುವುದನ್ನು ನಿಲ್ಲಿಸಿದರೆ ಸೈಕಲ್ ನಿಲ್ಲುತ್ತದೆ. ಟ್ರೆಡ್‌ಮಿಲ್ಲಿನ ಪಟ್ಟಿ ಓಡುತ್ತಲೇ ಇರುತ್ತದೆ.

ಹಣ ಕೊಡುವ ಮೊದಲು ಏನು ನೋಡಬೇಕು?

• ಬಟ್ಟೆಗೆ ಸಿಕ್ಕಿಸಿಕೊಳ್ಳುವ ದಾರವಿರುವ ಸೇಫ್ಟಿ ಕೀ ಇದೆಯೇ? ಎಳೆದ ಕೂಡಲೇ ಪಟ್ಟಿ ನಿಲ್ಲಬೇಕು. ಕೀ ಇಲ್ಲದ ಯಂತ್ರ ಬೇಡ.
• ಎಷ್ಟು ಕಿಲೋ ತೂಕದವರಿಗೆ ಎಂದು ಲೇಬಲ್ ಮೇಲೆ ಇರುತ್ತದೆ. ರೋಗಿಯ ತೂಕ ಅದಕ್ಕಿಂತ ಸಾಕಷ್ಟು ಕಡಿಮೆ ಇರಲಿ.
• ಮನೆಯ ಆರೋಗ್ಯವಂತರೊಬ್ಬರು ಹತ್ತು ನಿಮಿಷ ನಡೆದು ನೋಡಲಿ. ಪಟ್ಟಿ ಜಾರಿದರೆ, ಸುಟ್ಟ ವಾಸನೆ ಬಂದರೆ ಬಿಡಿ. ನಂತರ ರೋಗಿಯೇ ಅತಿ ಕಡಿಮೆ ವೇಗದಲ್ಲಿ, ಹಿಡಿಕೆ ಹಿಡಿದು, ಜೊತೆಗೆ ಒಬ್ಬರಿರುವಾಗ ನೋಡಲಿ.
• ಬಾಲ್ಕನಿಯಲ್ಲಿ ಇಟ್ಟಿದ್ದರೇ, ನೆಲಮಹಡಿಯಲ್ಲಿ ನೀರು ನುಗ್ಗಿತ್ತೇ ಎಂದು ಕೇಳಿ. ತುಕ್ಕು ಹಿಡಿದ ಬೋಲ್ಟ್, ಬಿರುಕು ಬಿಟ್ಟ ವೈರ್ ಕಂಡರೆ ಬೇಡ. ಮನೆಯಲ್ಲಿ ಅರ್ಥಿಂಗ್ ಸರಿಯಿರುವ ಮೂರು ಪಿನ್ ಸಾಕೆಟ್ ಬೇಕು.
• ಮಕ್ಕಳಿರುವ ಮನೆಯಲ್ಲಿ ಬಳಸಿದ ಕೂಡಲೇ ಪ್ಲಗ್ ತೆಗೆದು ಕೀ ಎತ್ತಿಡಿ. ಅಮೆರಿಕದಲ್ಲಿ ಮಗುವೊಂದು ಸತ್ತ ನಂತರ 2021ರಲ್ಲಿ ಪೆಲೊಟನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಯಂತ್ರಗಳನ್ನು ಹಿಂಪಡೆಯಬೇಕಾಯಿತು.

ಔಷಧಿಗೂ ಯಂತ್ರಕ್ಕೂ ಏನು ಸಂಬಂಧ?

220ರಿಂದ ವಯಸ್ಸು ಕಳೆದು ಗರಿಷ್ಠ ನಾಡಿಬಡಿತವನ್ನು ಅಂದಾಜಿಸುವುದು ವಾಡಿಕೆ. ಎಷ್ಟೋ ಯಂತ್ರಗಳ ಗುರಿಯೂ ಇದರ ಮೇಲೆಯೇ ನಿಂತಿದೆ. ನೀವು ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಲೆಕ್ಕ ನಿಮಗಲ್ಲ. ಆ ಮಾತ್ರೆ ನಾಡಿಬಡಿತ ಏರದಂತೆ ತಡೆಯುತ್ತದೆ. ಪರದೆಯ ಅಂಕಿ ಮುಟ್ಟಲು ವೇಗ ಹೆಚ್ಚಿಸಿದರೆ ಅಪಾಯ. ಮಾತನಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟು ವೇಗ ಸಾಕು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದ ವೇಳೆ ಅಥವಾ ನಂತರ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಮೊದಲೇ ಪರೀಕ್ಷಿಸಿ, ಗ್ಲುಕೋಸ್ ಕೈಗೆ ಸಿಗುವಂತಿಡಿ. ಜೊತೆಗೆ ಬೀಟಾ ಬ್ಲಾಕರ್ ಕೂಡ ಇದ್ದರೆ ಎದೆ ಢವಢವ, ಕೈನಡುಕದ ಮುನ್ಸೂಚನೆ ತಿಳಿಯದೇ ಹೋಗಬಹುದು. ಬೆವರುವುದು ಮಾತ್ರ ಸಾಮಾನ್ಯವಾಗಿ ತಿಳಿಯುತ್ತದೆ, ಅದನ್ನು ಕಡೆಗಣಿಸಬೇಡಿ. ರಕ್ತದೊತ್ತಡದ ಮಾತ್ರೆ ಇದ್ದರೆ ಒಮ್ಮೆಲೇ ನಿಲ್ಲಿಸದೆ ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯಿರಿ. ಯಾವ ಮಾತ್ರೆಯನ್ನೂ ವ್ಯಾಯಾಮಕ್ಕಾಗಿ ನೀವಾಗಿಯೇ ಬಿಡಬೇಡಿ.

ಎದೆನೋವು, ಉಸಿರುಗಟ್ಟುವುದು, ಕಣ್ಣು ಕತ್ತಲಿಡುವುದು ಕಂಡರೆ ತಕ್ಷಣ ನಿಲ್ಲಿಸಿ. ಕುಳಿತರೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಹೃದಯಾಘಾತ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದವರು ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಔಷಧಿಗಳ ಪಟ್ಟಿ ಹಿಡಿದು ವೈದ್ಯರನ್ನು ಕಾಣಿ.