ಬೆಲ್ಟ್ ಬಕಲ್‌ಗೆ ಮ್ಯಾಗ್ನೆಟ್ ಹಿಡಿದರೆ

ಹಳೇ ನಾಣ್ಯ, ಸ್ಟ್ಯಾಂಪ್ ಕೂಡಿಡೋರು ನಮ್ಮ ಹಾಸ್ಟೆಲ್‌ನಲ್ಲೂ ಸಿಗ್ತಾರೆ. ಆದ್ರೆ ಯುರೋಪು, ಅಮೆರಿಕದಲ್ಲಿ ಕೆಲವರು ಹಿಟ್ಲರನ ಕಾಲದ ಜರ್ಮನ್ ವಾಯುಪಡೆ, ಅಂದ್ರೆ ಲುಫ್ಟ್‌ವಾಫೆಯ ಬ್ಯಾಡ್ಜ್, ಕಾಲರ್ ಪಟ್ಟಿ, ಬೆಲ್ಟ್ ಬಕಲ್‌ಗಳನ್ನು ಸಂಗ್ರಹಿಸುತ್ತಾರೆ. ಇದೆಂಥಾ ಹವ್ಯಾಸ ಅಂತ ನನಗೂ ಅನ್ನಿಸಿತ್ತು. ಓದುತ್ತಾ ಹೋದ ಮೇಲೆ ಗೊತ್ತಾಯ್ತು, ಇದರಲ್ಲಿ ಅರ್ಧ ಇತಿಹಾಸ, ಇನ್ನರ್ಧ ನಮ್ಮ ವರ್ಕ್‌ಶಾಪ್ ಲ್ಯಾಬು.

ಮೊದಲ ಮಹಾಯುದ್ಧದ ನಂತರ, 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ವಾಯುಪಡೆಯೇ ಇರಬಾರದು ಎಂದಿತ್ತು. 1935ರಲ್ಲಿ ಹಿಟ್ಲರ್ ಅದನ್ನು ಧಿಕ್ಕರಿಸಿ ಲುಫ್ಟ್‌ವಾಫೆಯನ್ನು ಬಹಿರಂಗವಾಗಿ ಘೋಷಿಸಿದ. ಭೂಸೇನೆಯ ಬಕಲ್ ಮೇಲೆ 'ದೇವರು ನಮ್ಮೊಂದಿಗಿದ್ದಾನೆ' ಎಂಬ ಜರ್ಮನ್ ಬರಹವಿದ್ದರೆ, ಇವರದ್ದರ ಮೇಲೆ ಬರಹವೇ ಇಲ್ಲ. ಎಲೆಗಳ ಮಾಲೆಯೊಳಗೆ ಹಾರುವ ಹದ್ದು, ಅದರ ಕಾಲುಗುರಲ್ಲಿ ಸ್ವಸ್ತಿಕ, ಅಷ್ಟೇ. ಮೊದಲ ವಿನ್ಯಾಸದ ಹದ್ದಿಗೆ ಬಾಲ ಕೆಳಕ್ಕೆ ಜೋತುಬಿದ್ದಿತ್ತು. ಒಂದೆರಡು ವರ್ಷದಲ್ಲೇ ಅದು ಬದಲಾಯ್ತು. ಹಾಗಾಗಿ ಸಂಗ್ರಾಹಕರು ಮೊದಲು ನೋಡೋದೇ ಬಾಲವನ್ನ!

ಆಮೇಲೆ ಮ್ಯಾಗ್ನೆಟ್ ಹಿಡಿಯುತ್ತಾರೆ. ಶುರುವಿನ ಬಕಲ್‌ಗಳು ಅಲ್ಯೂಮಿನಿಯಂನವು. ಯುದ್ಧ ಜೋರಾದಾಗ ಆ ಲೋಹವೆಲ್ಲ ವಿಮಾನಕ್ಕೆ ಬೇಕಾಯ್ತು. ಬಕಲ್‌ಗೆ ಉಕ್ಕು, ಮೇಲೆ ನೀಲಿ-ಬೂದು ಪೇಂಟು. ಪೈಲಟ್ ಬ್ಯಾಡ್ಜ್‌ಗಳೂ ಕೊನೆಗೆ ಜಿಂಕ್‌ಗೆ ಇಳಿದವು. ಬಕಲ್ ಹಿಂದಿನ ಚರ್ಮದ ಪಟ್ಟಿಯಲ್ಲಿ ತಯಾರಕನ ಹೆಸರು, ಇಸವಿ ಒತ್ತಿದ್ದರೆ ಇನ್ನೂ ಸುಲಭ.

ನಕಲಿಗಳ ಕಾಟ ವಿಪರೀತ. ಅಸಲಿ ಬಕಲ್ ತಗಡನ್ನು ಡೈನಲ್ಲಿಟ್ಟು ಪ್ರೆಸ್ ಮಾಡಿದ್ದು, ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತದೆ. ಅಗ್ಗದ ನಕಲಿಯನ್ನು ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದಿರುತ್ತಾರೆ. ಫೌಂಡ್ರಿ ಪಾಠ ನೆನಪಿದೆಯಾ? ಅಲ್ಯೂಮಿನಿಯಂ ತಣ್ಣಗಾದಾಗ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗುತ್ತೆ. 60 ಮಿ.ಮೀ. ಇರಬೇಕಾದ್ದು ಮುಕ್ಕಾಲು ಮಿ.ಮೀ.ನಷ್ಟು ಕಡಿಮೆ ಬರುತ್ತೆ, ವರ್ನಿಯರ್ ಹಿಡಿದರೆ ಕಳ್ಳ ಸಿಕ್ಕಿಬಿದ್ದ. ಹೊಸ ಡೈ ಮಾಡಿಸಿ ಒತ್ತಿದವರ ಮುಂದೆ ಮಾತ್ರ ಈ ಆಟ ನಡೆಯಲ್ಲ. ಬಟ್ಟೆಯ ಪಟ್ಟಿಗೆ ಅಲ್ಟ್ರಾವಯೊಲೆಟ್ ಲೈಟ್ ಬಿಡುತ್ತಾರೆ. ಈಗಿನ ದಾರದಲ್ಲಿರೋ ಹೊಳಪಿನ ರಾಸಾಯನಿಕ ಫಳಫಳ ಅನ್ನುತ್ತೆ. ಆದ್ರೆ ಅಸಲಿಯನ್ನೇ ಯಾರೋ ಇವತ್ತಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತೆ, ಪಾಪ.

ಕಾಲರ್ ಬಣ್ಣ ನೋಡಿ ವಿಭಾಗ ಹೇಳಬಹುದು: ಪೈಲಟ್‌ಗಳಿಗೆ ಹಳದಿ, ವಿಮಾನ ಹೊಡೆಯುವ ಫಿರಂಗಿಯವರಿಗೆ ಕೆಂಪು, ಸಂಪರ್ಕದವರಿಗೆ ಕಂದು. ಎಂಜಿನಿಯರ್‌ಗಳಿಗೆ? ಗುಲಾಬಿ. ನಮ್ಮ ಮೆಕ್ಯಾನಿಕಲ್ ಹುಡುಗರಿಗೆ ಕೊಟ್ಟಿದ್ದರೆ ಏನ್ ಗಲಾಟೆ ಆಗ್ತಿತ್ತೋ.

ಆದರೆ ಬಕಲ್‌ನಿಂದ ಉಳಿಸಿದ ಅಲ್ಯೂಮಿನಿಯಂ ಎಲ್ಲಿಗೆ ಹೋಯ್ತು ಅಂತಲೂ ಕೇಳಬೇಕಲ್ವಾ? ಓರಾನಿಯನ್‌ಬುರ್ಗ್‌ನ ಹೈಂಕೆಲ್ ಕಾರ್ಖಾನೆಯಲ್ಲಿ ಸಾಕ್ಸೆನ್‌ಹೌಸೆನ್ ಯಾತನಾಶಿಬಿರದ ಕೈದಿಗಳಿಂದ ಬಾಂಬರ್ ವಿಮಾನ ಕಟ್ಟಿಸಿದರು. ಇದೇ ವಾಯುಪಡೆ 1937ರಲ್ಲಿ ಸ್ಪೇನಿನ ಗೆರ್ನಿಕಾ, 1940ರಲ್ಲಿ ರಾಟರ್‌ಡ್ಯಾಮ್, ಕವೆಂಟ್ರಿ ಪಟ್ಟಣಗಳ ಮೇಲೆ ಬಾಂಬು ಸುರಿಯಿತು. ಬಾಲ, ಬಣ್ಣ, ಬೆಲೆ ಎಲ್ಲ ಬಾಯಿಪಾಠ ಮಾಡಿ ಇದನ್ನು ಬಿಟ್ಟ ಸಂಗ್ರಾಹಕನನ್ನು ಕಂಡರೆ ನನಗೆ ಕಸಿವಿಸಿ.

ಎಂಎಸ್ ಮಾಡಲು ಜರ್ಮನಿಗೆ ಹೋಗೋರಿಗೆ ಒಂದು ಮಾತು. ಅಲ್ಲಿ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಇತಿಹಾಸ, ಬೋಧನೆ, ಸಂಶೋಧನೆಗೆ ವಿನಾಯಿತಿ ಇದೆ. ಆಸಕ್ತಿ ಇದ್ದರೆ ಬರ್ಲಿನ್‌ನ ಗಾಟೋ ಹಳೇ ವಿಮಾನ ನಿಲ್ದಾಣದಲ್ಲಿ ಸೇನೆಯದ್ದೇ ಮ್ಯೂಸಿಯಂ ಇದೆ. ಓರಾನಿಯನ್‌ಬುರ್ಗ್‌ಗೆ ಅದೇ ಊರಿನಿಂದ ಲೋಕಲ್ ರೈಲು ಹೋಗುತ್ತೆ. ಎರಡನ್ನೂ ನೋಡಿ ಬನ್ನಿ.