ಎನ್.ಆರ್. ಪುರಕ್ಕೆ ರೈಲು ಬರುತ್ತಿದ್ದ ಕಾಲ

ನರಸಿಂಹರಾಜಪುರದಲ್ಲಿ ಈಗ ರೈಲಿಲ್ಲ. ಒಂದು ಕಾಲಕ್ಕೆ ಇತ್ತು. ಜಿಲ್ಲಾ ಕೇಂದ್ರ ಚಿಕ್ಕಮಗಳೂರೇ ರೈಲಿನ ಮುಖ ಕಾಣದಿದ್ದ ದಿನಗಳಲ್ಲಿ, ಯಡೇಹಳ್ಳಿ ಎಂಬ ಹಳೆಯ ಹೆಸರಿನ ಈ ಮಲೆನಾಡ ಊರಿಗೆ ತರೀಕೆರೆಯಿಂದ ಪುಟ್ಟ ರೈಲು ಬರುತ್ತಿತ್ತು.

ಆಗ ಈ ಸೀಮೆಯೆಲ್ಲ ಕಡೂರು ಜಿಲ್ಲೆ. ಅದರ ಬಯಲುಭಾಗಕ್ಕೆ ರೈಲು ಬೇಗ ಬಂತು. ಬೆಂಗಳೂರು–ಹರಿಹರ ಮಾರ್ಗ 1889ರ ವೇಳೆಗೆ ಮುಗಿದು ಕಡೂರು, ಬೀರೂರು, ಅಜ್ಜಂಪುರಗಳು ಹಳಿಯ ಮೇಲೆ ಬಂದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟಾಗ ತರೀಕೆರೆಗೂ ನಿಲ್ದಾಣವಾಯಿತು. ಮರ, ಅಡಿಕೆ ಬೆಳೆಯುವ ಮಲೆಯ ಕಡೆ ಮಾತ್ರ ಗಾಡಿದಾರಿಯೇ ಗತಿಯಾಗಿತ್ತು.

ಆ ಕೊರತೆ ನೀಗಲು ಮೈಸೂರು ಸರ್ಕಾರ 20ನೆಯ ಶತಮಾನದ ಎರಡನೆಯ ದಶಕದಲ್ಲಿ ತರೀಕೆರೆ–ನರಸಿಂಹರಾಜಪುರ ಲೈಟ್ ರೈಲ್ವೆಯನ್ನು ಕೈಗೆತ್ತಿಕೊಂಡಿತು. ಉದ್ದ ಸುಮಾರು 27 ಮೈಲಿ, ಅಂದರೆ 43 ಕಿಲೋಮೀಟರ್. ಹಳಿಗಳ ನಡುವಿನ ಅಂತರ ಎರಡೇ ಅಡಿ. ಡಾರ್ಜಿಲಿಂಗ್ ಬೆಟ್ಟದ ರೈಲಿನದೂ ಇದೇ ಅಳತೆ. ಕಿರಿದಾದ ಹಳಿ ಬಿಗಿ ತಿರುವಿನಲ್ಲೂ ಸಾಗುತ್ತದೆ, ಗುಡ್ಡ ಕಡಿಯುವ ಕೆಲಸ ಕಡಿಮೆ, ಸೇತುವೆಯೂ ಹಗುರ. ಕಾಡಿನ ನಾಡಿಗೆ ಕಡಿಮೆ ಖರ್ಚಿನಲ್ಲಿ ರೈಲು ಒಯ್ಯಲು ಇದಕ್ಕಿಂತ ವಿವೇಕದ ದಾರಿ ಆಗ ಇರಲಿಲ್ಲ.

ಆದರೆ ಉಳಿಸಿದ ಹಣಕ್ಕೆ ದಿನವೂ ತೆರಬೇಕಾದ ಬೆಲೆಯೊಂದಿತ್ತು. ಶಿವಮೊಗ್ಗ ಮಾರ್ಗ ಮೀಟರ್ ಗೇಜ್. ಕಿರು ರೈಲಿನ ಬೋಗಿ ಅದರ ಮೇಲೆ ಓಡದು. ಮಲೆಯಿಂದ ಬಂದ ಸರಕನ್ನೆಲ್ಲ ತರೀಕೆರೆಯಲ್ಲಿ ಇಳಿಸಿ ದೊಡ್ಡ ರೈಲಿಗೆ ಮತ್ತೆ ತುಂಬಬೇಕು. ಕೂಲಿ ಎರಡು ಪಾಲು, ಹೊತ್ತೂ ಹೆಚ್ಚು. ಮನೆಬಾಗಿಲಲ್ಲೇ ತುಂಬಿಕೊಂಡು ನೇರ ಪೇಟೆಗೆ ಹೋಗುವ ಲಾರಿ ರಸ್ತೆಗಿಳಿದ ಮೇಲೆ ಇಂಥ ಕಿರು ರೈಲುಗಳಿಗೆ ಎದುರು ನಿಲ್ಲುವ ಬಲ ಬಹುತೇಕ ಕಡೆ ಉಳಿಯಲಿಲ್ಲ. ಈ ಮಾರ್ಗವೂ ಮುಚ್ಚಿತು. ಹಳಿ ಹೋಯಿತು, ನರಸಿಂಹರಾಜಪುರ ರೈಲ್ವೆ ನಕಾಶೆಯಿಂದ ಮರೆಯಾಯಿತು.

 

ತರೀಕೆರೆ ನಿಲ್ದಾಣ ಉಳಿದಿದೆ, ಬ್ರಾಡ್ ಗೇಜ್ ಕೂಡ ಆಗಿದೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ನರಸಿಂಹರಾಜಪುರದವರು ಮಾತ್ರ ಇಂದಿಗೂ ರೈಲು ಹಿಡಿಯಲು ಬಸ್ಸಿನಲ್ಲಿ ತರೀಕೆರೆಗೋ ಶಿವಮೊಗ್ಗಕ್ಕೋ ಹೋಗಬೇಕು.